ಪಿನ್ ಬೇಕೋ, ಸಹಿ ಸಾಕೋ? ಊರಲ್ಲೂ ವಿದೇಶದಲ್ಲೂ ಚಿಪ್ ಕಾರ್ಡ್ ಬಳಸುವ ಬಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟ ಇದೆ. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಮೇ ತಿಂಗಳಲ್ಲಿ ನಾನೂ ನಮ್ಮನೆಯವರೂ ಅವನಲ್ಲಿಗೆ ಹೊರಟಿದ್ದೇವೆ. ಎರಡು ತಿಂಗಳು ಇರುತ್ತೇವೆ. ನಡುವೆ ಪ್ಯಾರಿಸ್, ಲಂಡನ್ ನೋಡುವ ಆಸೆ. ಹಗಲೆಲ್ಲ ಮಗ ಆಫೀಸಿನಲ್ಲಿರುತ್ತಾನೆ, ನಾವಿಬ್ಬರೇ ಓಡಾಡಬೇಕು. ನಮ್ಮ ಹತ್ತಿರ ಚಿಪ್ ಇರುವ ಒಂದು ಕ್ರೆಡಿಟ್ ಕಾರ್ಡ್ ಇದೆ. ಶಿವಮೊಗ್ಗದ ಅಂಗಡಿಗಳಲ್ಲಿ ಒಮ್ಮೆ ಪಿನ್ ಕೇಳುತ್ತಾರೆ, ಇನ್ನೊಮ್ಮೆ ಸುಮ್ನೆ ತಾಗಿಸಿ ಕೊಟ್ಟುಬಿಡುತ್ತಾರೆ. ವಿದೇಶದಲ್ಲಿ ಸಹಿ ಮಾಡಿದರೆ ಸಾಕು ಅಂತ ಒಬ್ಬರು ಹೇಳಿದರು. ಪಿನ್ ಇಲ್ಲದೆ ಟಿಕೆಟ್ ಕೂಡ ಸಿಗಲ್ಲ ಅಂತ ಇನ್ನೊಬ್ಬರು. ಯಾರನ್ನು ನಂಬೋದು? ಇನ್ನೊಂದು ಮಾತು. ನಮ್ಮನೆಯವರು ಪೆಟ್ರೋಲ್ ಬಂಕಿನಲ್ಲಿ ಕಾರಿನಿಂದ ಇಳಿಯುವುದೇ ಇಲ್ಲ. ಕಾರ್ಡ್ ಕೊಟ್ಟು ಪಿನ್ ಹೇಳಿಬಿಡುತ್ತಾರೆ. ಅಲ್ಲೂ ಹಾಗೇ ನಡೆಯುತ್ತಾ?

ಉತ್ತರ: ಇಬ್ಬರು ಹೇಳಿದ್ದೂ ಸುಳ್ಳಲ್ಲ. ಸಹಿ ಸಾಕು ಅಂದವರು ಅಮೆರಿಕಕ್ಕೆ ಹೋಗಿ ಬಂದವರಿರಬೇಕು. ಪಿನ್ ಬೇಕೇ ಬೇಕು ಅಂದವರು ಯೂರೋಪ್ ನೋಡಿದವರು. ನೀವು ಹೊರಟಿರುವುದು ಯೂರೋಪಿಗೆ. ಹಾಗಾಗಿ ನಿಮ್ಮ ಮಟ್ಟಿಗೆ ಪಿನ್ ಬೇಕು. ಅದು ಬಾಯಿಪಾಠ ಇರಬೇಕು, ಹೊರಡುವ ಮುಂಚೆ ಇಲ್ಲೇ ಒಮ್ಮೆ ಒತ್ತಿ ನೋಡಿರಬೇಕು. ನಿಮ್ಮ ಪತ್ರ ಓದಿದಾಗ ನನಗೆ ಜಾಸ್ತಿ ಚಿಂತೆಯಾದದ್ದು ಮಾತ್ರ ಮ್ಯೂನಿಕ್ ವಿಷಯಕ್ಕಲ್ಲ, ಬಂಕಿನ ವಿಷಯಕ್ಕೆ. ಅದಕ್ಕೆ ಸ್ವಲ್ಪ ತಡೆದು ಬರುತ್ತೇನೆ.

ಮೊದಲು ಈ ಚಿಪ್ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಉಳಿದದ್ದು ಸುಲಭ. ಹಳೆಯ ಕಾರ್ಡ್‌ಗಳ ಹಿಂದೆ ಕಪ್ಪು ಪಟ್ಟಿ ಇರುತ್ತಿತ್ತು, ಈಗಲೂ ಇದೆ. ಅದರಲ್ಲಿ ಬರೆದಿಟ್ಟ ಮಾಹಿತಿ ಬದಲಾಗುವುದೇ ಇಲ್ಲ. ಅಡಿಕೆ ಮೂಟೆಯ ಮೇಲೆ ಬಳಿದ ಮಾರ್ಕಿನ ಹಾಗೆ. ನೋಡಿದವರು ಇನ್ನೊಂದು ಮೂಟೆ ಮೇಲೆ ಅದನ್ನೇ ಬಳಿಯಬಹುದು. ಪಟ್ಟಿಯನ್ನು ಒಮ್ಮೆ ಕಳ್ಳ ಮಿಷನ್‌ಗೆ ಉಜ್ಜಿದರೆ ಸಾಕು, ಅದೇ ಮಾಹಿತಿ ಇರುವ ಇನ್ನೊಂದು ಕಾರ್ಡ್ ತಯಾರು. ಚಿಪ್ ಹಾಗಲ್ಲ. ಅದು ಒಂದು ಪುಟ್ಟ ಕಂಪ್ಯೂಟರ್. ಪ್ರತಿ ವ್ಯವಹಾರಕ್ಕೂ ತನ್ನೊಳಗಿನ ಗುಟ್ಟಿನ ಕೀಲಿ ಬಳಸಿ ಹೊಸ ಸಂಕೇತ ಹುಟ್ಟಿಸುತ್ತದೆ. ಆ ಸಂಕೇತ ಆ ಒಂದು ಬಿಲ್ಲಿಗೆ ಮಾತ್ರ. ಯಾರಾದರೂ ಕದ್ದು ಇನ್ನೊಂದು ಬಿಲ್ಲಿಗೆ ಹಚ್ಚಲು ನೋಡಿದರೆ ಬ್ಯಾಂಕ್ ಒಪ್ಪುವುದಿಲ್ಲ. ಕಾರ್ಡ್ ನಕಲಿ ಅಲ್ಲ ಅಂತ ಚಿಪ್ ಸಾಬೀತು ಮಾಡುತ್ತದೆ. ಹಿಡಿದವರು ಕಳ್ಳರಲ್ಲ ಅಂತ ಸಾಬೀತು ಮಾಡುವುದು ಪಿನ್. ಕೆಲಸ ಎರಡು, ಅದಕ್ಕೇ ವಸ್ತುವೂ ಎರಡು.

ಈ ಚಿಪ್‌ನ ಹುಟ್ಟೂರು ಅಂದರೆ ಫ್ರಾನ್ಸ್. ಅಲ್ಲಿನ ರೋಲಾಂ ಮೊರೆನೊ 1974ರಲ್ಲಿ ಚಿಪ್ ಕಾರ್ಡಿಗೆ ಪೇಟೆಂಟ್ ಪಡೆದರು. 1992ರ ಕೊನೆಗೆ ಫ್ರಾನ್ಸಿನ ಎಲ್ಲ ಬ್ಯಾಂಕ್ ಕಾರ್ಡ್‌ಗಳಲ್ಲೂ ಚಿಪ್ ಇತ್ತು. ಬ್ರಿಟನ್‌ನಲ್ಲಿ 2006ರ ಫೆಬ್ರವರಿ 14ರಿಂದ ಪಿನ್ ಕಡ್ಡಾಯ ಆಯಿತು. ಅಮೆರಿಕ ಬಹಳ ತಡ ಮಾಡಿತು. ಚಿಪ್ ಮಿಷನ್ ಇಡದ ಅಂಗಡಿಯವರೇ ನಕಲಿ ಕಾರ್ಡಿನ ನಷ್ಟ ಹೊರಬೇಕು ಅನ್ನುವ ನಿಯಮ ಅಲ್ಲಿ ಬಂದದ್ದು 2015ರ ಅಕ್ಟೋಬರ್‌ನಲ್ಲಿ. ಆಗಲೂ ಕ್ರೆಡಿಟ್ ಕಾರ್ಡಿಗೆ ಪಿನ್ ಹಚ್ಚಲಿಲ್ಲ, ಸಹಿಯಲ್ಲೇ ನಡೆಸಿದರು. 2018ರಲ್ಲಿ ದೊಡ್ಡ ಕಾರ್ಡ್ ಕಂಪನಿಗಳು ಸಹಿಯೂ ಕಡ್ಡಾಯ ಅಲ್ಲ ಅಂದವು. ಹಾಗಾಗಿ ಅಲ್ಲಿ ನಮ್ಮ ಕಾರ್ಡಿಗೂ ಕೆಲವು ಕಡೆ ಏನನ್ನೂ ಕೇಳದೆ ಬಿಲ್ ಮಾಡಿಬಿಡುತ್ತಾರೆ.

ನಮ್ಮ ದೇಶ ಈ ವಿಷಯದಲ್ಲಿ ಅಮೆರಿಕಕ್ಕಿಂತ ಗಟ್ಟಿ. ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಬಳಸಿದರೆ ಪಿನ್ ಒತ್ತಲೇಬೇಕು ಅಂತ 2013ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಬರೀ ಪಟ್ಟಿ ಇರುವ ಕಾರ್ಡ್‌ಗಳನ್ನು ಬದಲಿಸಲು ಬ್ಯಾಂಕುಗಳಿಗೆ ಕೊಟ್ಟ ಗಡುವು 2018ರ ಡಿಸೆಂಬರ್ 31. ಆಗ ನಿಮಗೂ ಅಂಚೆಯಲ್ಲಿ ಹೊಸ ಕಾರ್ಡ್ ಬಂದಿರಬೇಕು, ಅಲ್ವಾ?

ಇನ್ನು ಒಮ್ಮೆ ಪಿನ್ ಕೇಳುವುದು, ಒಮ್ಮೆ ಕೇಳದಿರುವುದು. ಕಾರ್ಡಿನ ಮೇಲೆ ವೈಫೈ ಥರದ ನಾಲ್ಕು ಗೆರೆ ಇದ್ದರೆ ಅದನ್ನು ಮಿಷನ್‌ಗೆ ತಾಗಿಸಬಹುದು. ಇಲ್ಲಿ ₹5,000 ವರೆಗೆ ಪಿನ್ ಇಲ್ಲದೆ ನಡೆಯುತ್ತದೆ. ಮೊದಲು ಈ ಮಿತಿ ₹2,000 ಇತ್ತು, 2021ರ ಜನವರಿ 1ರಿಂದ ಏರಿಸಿದರು. ಅದರ ಮೇಲಾದರೆ ಪಿನ್ ಒತ್ತಬೇಕು. ದುರ್ಗಿಗುಡಿಯ ಅಂಗಡಿಯಲ್ಲಿ ₹1,800ರ ಚಪ್ಪಲಿಗೆ ಪಿನ್ ಕೇಳದೆ, ₹9,000ದ ಸೀರೆಗೆ ಕೇಳಿದರೆ ಅದು ಅಂಗಡಿಯವರ ಇಷ್ಟ ಅಲ್ಲ, ನಿಯಮ. ಕಾರ್ಡನ್ನು ಮಿಷನ್ ಒಳಗೆ ತೂರಿಸಿದರೆ ಎಷ್ಟೇ ಸಣ್ಣ ಮೊತ್ತಕ್ಕೂ ಇಲ್ಲಿ ಪಿನ್ ಕೇಳುತ್ತದೆ.

ಗಡಿ ದಾಟಿದರೆ ಆ ಊರಿನ ಮಿತಿ. ಜರ್ಮನಿ, ಫ್ರಾನ್ಸ್‌ನಲ್ಲಿ 50 ಯೂರೊ ಒಳಗಿನ ಬಿಲ್ಲಿಗೆ ಸಾಮಾನ್ಯವಾಗಿ ತಾಗಿಸಿದರೆ ಸಾಕು. ಬ್ರಿಟನ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ಮಿತಿಯನ್ನು 100 ಪೌಂಡ್‌ಗೆ ಏರಿಸಿದ್ದರು. ಹಾಗಂತ ನಡುವೆ ಒಮ್ಮೆ ಸಣ್ಣ ಬಿಲ್ಲಿಗೂ ಪಿನ್ ಕೇಳಿದರೆ ಗಾಬರಿಯಾಗಬೇಡಿ. ಮಿಷನ್ ಮತ್ತು ಕಾರ್ಡ್ ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಯಾವ ಗುರುತು ಕೇಳಬೇಕು, ಅದಾಗದಿದ್ದರೆ ಮುಂದೆ ಯಾವುದು ಅನ್ನುವ ಪಟ್ಟಿ ಚಿಪ್‌ನೊಳಗೆ ಬರೆದಿರುತ್ತದೆ. ಆ ಪಟ್ಟಿಯಲ್ಲಿ ತನ್ನಿಂದ ಆಗುವುದನ್ನು ಮಿಷನ್ ಆರಿಸಿಕೊಳ್ಳುತ್ತದೆ. ಕೌಂಟರಿನಲ್ಲಿ ನಿಂತ ಹುಡುಗಿಗೆ ಅದರಲ್ಲಿ ಏನೂ ಪಾತ್ರ ಇಲ್ಲ. ಅವಳ ಹತ್ತಿರ ವಾದ ಮಾಡಿ ಪ್ರಯೋಜನವೂ ಇಲ್ಲ.

ಈಗ ಬಂಕಿಗೆ ಬರೋಣ.

ಈ ದೃಶ್ಯ ನಮ್ಮ ಕಡೆ ದಿನಾ ನಡೆಯುತ್ತದೆ. ಕಾರಿನ ಗ್ಲಾಸು ಇಳಿಯುತ್ತದೆ, ಕಾರ್ಡ್ ಹೊರಗೆ ಬರುತ್ತದೆ. ಬಂಕಿನ ಹುಡುಗ ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಮಿಷನ್ ಹಿಡಿದು, ಹೆಬ್ಬೆರಳನ್ನು ಕೀಲಿಗಳ ಮೇಲಿಟ್ಟುಕೊಂಡು "ಪಿನ್ ಹೇಳಿ ಸಾರ್" ಅನ್ನುತ್ತಾನೆ. ಒಳಗಿಂದ ನಾಲ್ಕು ಅಂಕಿ ಗಟ್ಟಿಯಾಗಿ ಬರುತ್ತವೆ. ಹಿಂದೆ ಬೈಕಿನಲ್ಲಿ ನಿಂತವರಿಗೂ ಕೇಳುತ್ತದೆ. ಆ ಹುಡುಗ ಕಳ್ಳ ಅಂತ ನಾನು ಹೇಳುತ್ತಿಲ್ಲ. ಹತ್ತಕ್ಕೆ ಹತ್ತು ಸಲವೂ ಅವನು ಪ್ರಾಮಾಣಿಕನೇ ಇರಬಹುದು. ಆದರೆ ನಾಳೆ ಕಾರ್ಡ್ ಎಲ್ಲೋ ಬಿದ್ದು, ಯಾರೋ ಅದೇ ಪಿನ್ ಒತ್ತಿ ಆಭರಣದ ಅಂಗಡಿಯಲ್ಲಿ ಬಿಲ್ ಮಾಡಿದರೆ, ಬ್ಯಾಂಕಿನವರು ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಪಿನ್ ಅವರಿಗೆ ಹೇಗೆ ಗೊತ್ತಾಯಿತು?

ಇದು ಸುಮ್ನೆ ಹೆದರಿಸುವ ಮಾತಲ್ಲ. ವಂಚನೆಯ ನಷ್ಟ ಯಾರು ಹೊರಬೇಕು ಅನ್ನುವುದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿಯೂ ಬರುವುದಿಲ್ಲ. 4ರಿಂದ 7 ಕೆಲಸದ ದಿನ ತೆಗೆದುಕೊಂಡರೆ ಸ್ವಲ್ಪ ಪಾಲು ನಿಮ್ಮದು. ₹5 ಲಕ್ಷದವರೆಗೆ ಲಿಮಿಟ್ ಇರುವ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ ₹10,000, ಅದಕ್ಕಿಂತ ದೊಡ್ಡ ಲಿಮಿಟ್ಟಿಗೆ ₹25,000. ಇಷ್ಟೆಲ್ಲ ರಕ್ಷಣೆ ಇದೆ. ಆದರೆ ಪಿನ್ ಹೇಳಿಕೊಟ್ಟದ್ದು ನೀವೇ ಅಂತಾದರೆ, ಬ್ಯಾಂಕಿಗೆ ದೂರು ಕೊಡುವ ತನಕ ಆದ ನಷ್ಟ ಪೂರ್ತಿ ನಿಮ್ಮದೇ. ಚಿಪ್ಪು, ಕೀಲಿ, ಸಂಕೇತ ಅಂತ ಇಷ್ಟೆಲ್ಲ ಕಟ್ಟಿದ್ದನ್ನು ಆ ನಾಲ್ಕು ಅಂಕಿ ಗಟ್ಟಿಯಾಗಿ ಹೇಳಿ ನಾವೇ ಬಿಚ್ಚಿ ಹಾಕುತ್ತೇವೆ.

ಹಾಗಾಗಿ ನಿಮ್ಮ ಯಜಮಾನರಿಗೆ ಹೇಳಿ: ಮಳೆ ಬರುತ್ತಿದ್ದರೂ ಅಡ್ಡಿಲ್ಲ, ಮಿಷನ್ ಕೈಗೆ ತರಿಸಿಕೊಳ್ಳಲಿ. ಅದಕ್ಕೆ ವೈರ್ ಇಲ್ಲ, ಕಿಟಕಿಯ ತನಕ ಬರುತ್ತದೆ. ಮೊದಲು ಮೊತ್ತ ನೋಡುವುದು, ಆಮೇಲೆ ಇನ್ನೊಂದು ಕೈಯಿಂದ ಕೀಲಿಗಳನ್ನು ಮುಚ್ಚಿಕೊಂಡು ಒತ್ತುವುದು. ಮ್ಯೂನಿಕ್‌ನಲ್ಲಿ ಪಿನ್ ಹೇಳಲು ಹೋದರೆ ಎದುರಿಗಿದ್ದವರು ಮುಖ ಬೇರೆ ಕಡೆ ತಿರುಗಿಸಿ ಮಿಷನ್ ನಿಮ್ಮ ಕಡೆ ತಳ್ಳುತ್ತಾರೆ. ಪೆಟ್ರೋಲು ಕೂಡ ಅಲ್ಲಿ ನಾವೇ ಹಾಕಿಕೊಳ್ಳಬೇಕು, ಕೇಳುವ ಹುಡುಗನೇ ಇರುವುದಿಲ್ಲ.

ಇನ್ನೊಂದು ಗೊಂದಲ ನಮ್ಮಲ್ಲಿ ಈಚೆಗೆ ಶುರುವಾಗಿದೆ. ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತೇವೆ. ದಿನಕ್ಕೆ ಹತ್ತು ಸಲ ಯುಪಿಐ ಪಿನ್ ಒತ್ತುತ್ತೇವೆ. ಕಾರ್ಡಿನ ಪಿನ್ ಬೇರೆ ಅನ್ನುವುದೇ ಮರೆತಿದೆ. ಡೆಬಿಟ್ ಕಾರ್ಡಿನದು ಒಂದು, ಕ್ರೆಡಿಟ್ ಕಾರ್ಡಿನದು ಒಂದು, ಯುಪಿಐದು ಮತ್ತೊಂದು. ಸಣ್ಣ ಬಿಲ್ಲಿಗೆಲ್ಲ ತಾಗಿಸಿಯೇ ಅಭ್ಯಾಸ ಆದವರಂತೂ ಕ್ರೆಡಿಟ್ ಕಾರ್ಡಿನ ಪಿನ್ ಒತ್ತಿ ಎಷ್ಟು ಕಾಲ ಆಯಿತು ಅಂತ ಯೋಚಿಸಬೇಕು. ಸಾಮಾನ್ಯವಾಗಿ ಮೂರು ಸಲ ತಪ್ಪು ಒತ್ತಿದರೆ ಪಿನ್ ಲಾಕ್ ಆಗುತ್ತದೆ. ಅದು ಗಾಂಧಿ ಬಜಾರಿನಲ್ಲಾದರೆ ಜೇಬಿನಿಂದ ನೋಟು ತೆಗೆದು ಕೊಡಬಹುದು. ಪ್ಯಾರಿಸ್‌ನ ರೈಲ್ವೆ ಸ್ಟೇಷನ್ನಿನಲ್ಲಾದರೆ ಎಂತ ಮಾಡೋದು?

ಅದಕ್ಕೇ ಹೊರಡುವುದಕ್ಕೆ ಮೂರು ನಾಲ್ಕು ವಾರ ಇರುವಾಗಲೇ ಒಂದು ಕೆಲಸ ಮಾಡಿ. ಪಿನ್ ನೆನಪಿಲ್ಲದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಹೊಸದು ಹಾಕಿಕೊಳ್ಳಿ. ಆಮೇಲೆ ಶಿವಮೊಗ್ಗಕ್ಕೆ ಬಂದಾಗ ಔಷಧಿ ಅಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ "ತಾಗಿಸಬೇಡಿ, ಒಳಗೆ ಹಾಕಿ" ಅಂತ ಹೇಳಿ, ಪಿನ್ ಒತ್ತಿ ಒಂದು ಬಿಲ್ ಮಾಡಿ. ಹಾಗೇ ನಿಮ್ಮದೇ ಬ್ಯಾಂಕಿನ ಎಟಿಎಂಗೂ ಒಮ್ಮೆ ಹಾಕಿ ನೋಡಿ. ಹಣ ತೆಗೆಯಬೇಡಿ, ಲಿಮಿಟ್ ಎಷ್ಟಿದೆ ಅಂತ ನೋಡಿದರೆ ಸಾಕು. ಇದಕ್ಕೆ ಕಾರಣ ಇದೆ. ಪಿನ್ ಸರಿಯೋ ತಪ್ಪೋ ಅಂತ ನೋಡುವ ಬಗೆ ಎರಡು. ಹೆಚ್ಚಿನ ಕಡೆ ಮಿಷನ್ ಅದನ್ನು ಗುಟ್ಟಾಗಿ ಬ್ಯಾಂಕಿಗೆ ಕಳಿಸಿ ಕೇಳುತ್ತದೆ. ವಿದೇಶದ ಕೆಲವು ಮಿಷನ್‌ಗಳು ಬ್ಯಾಂಕಿಗೆ ಕಳಿಸದೆ ಚಿಪ್‌ನ್ನೇ ಕೇಳುತ್ತವೆ. ಆ್ಯಪ್‌ನಲ್ಲಿ ಪಿನ್ ಬದಲಿಸಿದ್ದು ಬ್ಯಾಂಕಿಗೆ ಗೊತ್ತು. ಪಿನ್ ಅನ್ನು ಚಿಪ್‌ನೊಳಗೂ ಇಟ್ಟುಕೊಂಡ ಕಾರ್ಡಾದರೆ, ಆ ಚಿಪ್‌ಗೆ ಅದು ಗೊತ್ತಾಗುವುದು ಕಾರ್ಡ್ ಮಿಷನ್ ಒಳಗೆ ಹೋದಾಗ. ನಿಮ್ಮ ಕಾರ್ಡ್ ಎಂಥದ್ದು ಅಂತ ಬ್ರ್ಯಾಂಚಿನಲ್ಲಿ ಕೇಳಿದರೆ ಹೇಳುತ್ತಾರೆ. ಕೇಳದಿದ್ದರೂ ಎಟಿಎಂಗೆ ಒಮ್ಮೆ ಹಾಕಿ ತೆಗೆಯುವುದರಲ್ಲಿ ನಷ್ಟ ಏನಿಲ್ಲ.

ಪರೀಕ್ಷೆ ಮಾಡುವಾಗ ಮಿಷನ್ "ಕನೆಕ್ಟಿಂಗ್" ಅಂತ ತೋರಿಸುತ್ತಾ ನಿಂತರೆ ಅದು ನಿಮ್ಮ ಕಾರ್ಡಿನ ದೋಷ ಅಲ್ಲ. ಅಂಗಡಿಯ ಮಿಷನ್‌ನೊಳಗೂ ಒಂದು ಸಿಮ್ ಇರುತ್ತದೆ. ಆಗುಂಬೆ, ಹೊಸನಗರ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂದರೆ ಟವರೂ ಹೋಯಿತು, ಮಿಷನೂ ಹೋಯಿತು. ಹಣ ಹೋಗಿದೆ ಅಂತ ಮೆಸೇಜ್ ಬಂದು, ಅಂಗಡಿಯವರಿಗೆ ಬಂದಿಲ್ಲ ಅಂತಾದರೆ ಜಗಳ ಬೇಡ. 2019ರ ನಿಯಮದಂತೆ ಅದು 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ ₹100ರಂತೆ ಬ್ಯಾಂಕ್ ನಿಮಗೆ ಕೊಡಬೇಕು. ಇದು ದೇಶದೊಳಗಿನ ವ್ಯವಹಾರಕ್ಕೆ ಮಾತ್ರ.

ಎರಡನೇ ಕೆಲಸ, ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡುವುದು. ವಿಮಾನ ಹತ್ತಿದ ಮೇಲೆ ಇದು ನೆನಪಾಗುವವರೇ ಜಾಸ್ತಿ. 2020ರಿಂದ ಹೊಸ ಕಾರ್ಡ್ ಯಾವುದೇ ಬರಲಿ, ಭಾರತದ ಎಟಿಎಂ ಮತ್ತು ಅಂಗಡಿ ಮಿಷನ್‌ಗೆ ಮಾತ್ರ ತೆರೆದಿರುತ್ತದೆ. ಆನ್‌ಲೈನ್, ತಾಗಿಸುವುದು, ವಿದೇಶ, ಈ ಮೂರನ್ನೂ ನಾವೇ ಆನ್ ಮಾಡಿಕೊಳ್ಳಬೇಕು. ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗ್ಸ್‌ಗೆ ಹೋದರೆ ಒಂದೊಂದಕ್ಕೂ ಒಂದೊಂದು ಸ್ವಿಚ್ ಇದೆ, ಎಷ್ಟರವರೆಗೆ ಅಂತ ಮಿತಿಯನ್ನೂ ಹಾಕಬಹುದು. ವಿದೇಶದ ಅಂಗಡಿ ಬಳಕೆ ಆನ್ ಮಾಡಿ. ಆನ್‌ಲೈನ್ ವಿದೇಶಿ ಬಳಕೆ ಬೇಕಿದ್ದಾಗ ಮಾತ್ರ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಯಾಕಂದರೆ ಹೊರದೇಶದ ಬಹಳಷ್ಟು ವೆಬ್‌ಸೈಟುಗಳು ಓಟಿಪಿ ಕೇಳುವುದೇ ಇಲ್ಲ. ನಂಬರು, ಅವಧಿ, ಹಿಂದಿನ ಮೂರು ಅಂಕಿ ಇದ್ದರೆ ಬಿಲ್ ಆಗಿಹೋಗುತ್ತದೆ. ಅಲ್ಲಿ ಚಿಪ್‌ಗೂ ಪಿನ್‌ಗೂ ಕೆಲಸವೇ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಸಿಮ್. ಮಗ ಏರ್‌ಪೋರ್ಟಿಗೆ ಬಂದ ಕೂಡಲೇ ಪ್ರೀತಿಯಿಂದ ಜರ್ಮನ್ ಸಿಮ್ ಹಾಕಿಕೊಡುತ್ತಾನೆ. ನಿಮ್ಮ ಸಿಮ್ ಪರ್ಸಿನೊಳಗೆ ಸೇರುತ್ತದೆ. ಆಮೇಲೆ ಓಟಿಪಿ ಎಲ್ಲಿ ಬರಬೇಕು? ಎಷ್ಟೋ ಬ್ಯಾಂಕ್ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿಲ್ಲದಿದ್ದರೆ ತೆರೆಯುವುದೇ ಇಲ್ಲ. ಎರಡು ಸಿಮ್ ಹಿಡಿಯುವ ಫೋನಿದ್ದರೆ ನಮ್ಮ ಸಿಮ್ ಅದರಲ್ಲೇ ಇರಲಿ. ಹೊರಡುವ ಮುಂಚೆ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜಿನ ಅವಧಿ ವಾಪಸ್ ಬರುವ ತನಕ ಇರುವಂತೆ ನೋಡಿಕೊಳ್ಳಿ. ಹಳ್ಳಿಯ ಮನೆಯಲ್ಲಿ ಬಿಟ್ಟು ಹೋಗುವ ಹಳೇ ಫೋನಿನಲ್ಲಿ ಆ ಸಿಮ್ ಇರಲಿ, ಪಕ್ಕದ ಮನೆಯವರು ಓಟಿಪಿ ಹೇಳುತ್ತಾರೆ ಅನ್ನುವ ಏರ್ಪಾಡು ಮಾತ್ರ ಬೇಡವೇ ಬೇಡ.

ಈಗ ಅಲ್ಲಿ ಇಳಿದ ಮೇಲಿನ ಮಾತು. ಜರ್ಮನಿ ಅಂದರೆ ಎಲ್ಲ ಕಾರ್ಡಿನಲ್ಲೇ ನಡೆಯುತ್ತದೆ ಅಂದುಕೊಂಡು ಹೋದರೆ ಆಶ್ಚರ್ಯ ಕಾದಿದೆ. ಅಲ್ಲಿನವರಿಗೆ ನೋಟು ಅಂದರೆ ಈಗಲೂ ಪ್ರೀತಿ. ಕೆಲವು ಬೇಕರಿ, ಸಂತೆ, ಸಣ್ಣ ಹೋಟೆಲುಗಳಲ್ಲಿ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಇನ್ನು ಕೆಲವರು ಕಾರ್ಡ್ ತೆಗೆದುಕೊಂಡರೂ ಅವರದೇ ದೇಶದ ಗಿರೋಕಾರ್ಡ್ ಮಾತ್ರ ಒಪ್ಪುತ್ತಾರೆ, ನಮ್ಮ ಕ್ರೆಡಿಟ್ ಕಾರ್ಡ್ ಅಲ್ಲ. ಹೆದ್ದಾರಿ ಬದಿಯ ಶೌಚಾಲಯಕ್ಕೂ ದುಡ್ಡು. ಚಿಲ್ಲರೆ ನಾಣ್ಯ ಒಂದಿಷ್ಟು ಪರ್ಸಿನಲ್ಲಿರಲಿ.

ಪಿನ್‌ನ ನಿಜವಾದ ಪರೀಕ್ಷೆ ಆಗುವುದು ಜನ ಇಲ್ಲದ ಮಿಷನ್‌ಗಳ ಮುಂದೆ. ರೈಲು ಟಿಕೆಟ್, ಪಾರ್ಕಿಂಗ್, ರಾತ್ರಿಯ ಪೆಟ್ರೋಲ್ ಬಂಕ್. ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಪರದೆ ಮೇಲೆ ಜರ್ಮನ್ ಇರುತ್ತದೆ. ಮೊದಲು ಬಾವುಟದ ಗುರುತು ಒತ್ತಿ ಇಂಗ್ಲಿಷ್ ಮಾಡಿಕೊಳ್ಳಿ. ಚಿಪ್ ಇರುವ ತುದಿ ಒಳಗೆ ಹೋಗಬೇಕು. ಹೋದ ಮೇಲೆ ಹೇಳುವ ತನಕ ಎಳೆಯಬಾರದು. ನಡುವೆ ಎಳೆದರೆ ವ್ಯವಹಾರ ರದ್ದಾಗುತ್ತದೆ. ನಮ್ಮಲ್ಲಿ ಉಜ್ಜಿ ಅಭ್ಯಾಸ ಆದವರಿಗೆ ಕೈ ತಡೆಯುವುದಿಲ್ಲ, ಅದೇ ಸಮಸ್ಯೆ. ಕೀಲಿಗಳ ಜೋಡಣೆ ಇಲ್ಲಿನ ಹಾಗೇ. ಮೇಲಿನ ಸಾಲಿನಲ್ಲಿ 1, 2, 3. ನಡುವಿನ 5ರ ಮೇಲೆ ಒಂದು ಸಣ್ಣ ಉಬ್ಬು, ಬೆರಳಿಗೆ ತಾಗುತ್ತದೆ. ಹಸಿರು ಒತ್ತಿದರೆ ಒಪ್ಪಿಗೆ, ಹಳದಿ ಒತ್ತಿದರೆ ತಪ್ಪಿದ ಅಂಕಿ ಅಳಿಸುತ್ತದೆ, ಕೆಂಪು ಒತ್ತಿದರೆ ಎಲ್ಲ ರದ್ದು. ನಾಲ್ಕು ಅಂಕಿ ಒತ್ತಿ ಹಸಿರು ಒತ್ತುವುದನ್ನು ಮರೆತು ಕಾಯುತ್ತಾ ನಿಂತವರೂ ಇದ್ದಾರೆ. ಮಿಷನ್ ಅವರಿಗಾಗಿ ಕಾಯುತ್ತಿರುತ್ತದೆ, ಅವರು ಮಿಷನ್‌ಗಾಗಿ. ಇಲ್ಲಿ ಸಹಿ ಅನ್ನುವ ಮಾತೇ ಇಲ್ಲ, ನೋಡುವವರೇ ಇಲ್ಲವಲ್ಲ.

ಹೋಟೆಲಿನಲ್ಲಿ ಊಟ ಮಾಡಿದರೆ ಮಿಷನ್ ಟೇಬಲ್ಲಿಗೇ ಬರುತ್ತದೆ. ಟಿಪ್ಸ್ ಕೊಡುವುದಿದ್ದರೆ ಕಾರ್ಡ್ ಹಾಕುವ ಮುಂಚೆಯೇ ಒಟ್ಟು ಎಷ್ಟು ಅಂತ ಹೇಳಬೇಕು. ಉಳಿಯುವ ಲಾಡ್ಜುಗಳಲ್ಲಿ ಚೆಕ್ ಇನ್ ಮಾಡುವಾಗ ಕಾರ್ಡಿನ ಮೇಲೆ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಆದರೆ ನಿಮ್ಮ ಲಿಮಿಟ್ ಅಷ್ಟು ಕಡಿಮೆಯಾಗುತ್ತದೆ. ಬಿಡುಗಡೆಗೆ ಕೆಲವು ದಿನ ಹಿಡಿಯುತ್ತದೆ. ಲಿಮಿಟ್ ಸಣ್ಣದಿದ್ದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಲಂಡನ್ನಿನಲ್ಲಿ ಬಸ್ಸು, ಸುರಂಗ ರೈಲಿಗೆ ಟಿಕೆಟ್ ತೆಗೆಯುವ ಗೋಜೇ ಇಲ್ಲ. ಗೇಟಿಗೆ ಕಾರ್ಡ್ ತಾಗಿಸಿ ಒಳಗೆ ಹೋಗುವುದು, ಇಳಿದ ಸ್ಟೇಷನ್ನಿನಲ್ಲಿ ಮತ್ತೆ ತಾಗಿಸಿ ಹೊರಬರುವುದು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅನ್ನುವ ಮಿತಿಯೂ ಇದೆ. 2014ರ ಜುಲೈನಿಂದ ಅಲ್ಲಿನ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಆದರೆ ಒಂದು ಕಾರ್ಡಿಗೆ ಒಬ್ಬರೇ. ನೀವು ತಾಗಿಸಿ ಒಳಗೆ ಹೋಗಿ, ಅದೇ ಕಾರ್ಡನ್ನು ಗೇಟಿನ ಮೇಲಿಂದ ಯಜಮಾನರಿಗೆ ಕೊಟ್ಟರೆ ಅವರಿಗೆ ನಡೆಯುವುದಿಲ್ಲ. ಹಾಗಾಗಿ ಈಗಲೇ ಬ್ಯಾಂಕಿಗೆ ಹೇಳಿ ಒಂದು ಆ್ಯಡ್ ಆನ್ ಕಾರ್ಡ್, ಅಂದರೆ ಇದೇ ಕಾರ್ಡಿನ ಜೊತೆಗೆ ಮನೆಯವರ ಹೆಸರಿನಲ್ಲಿ ಇನ್ನೊಂದು ಕಾರ್ಡ್, ಮಾಡಿಸಿಕೊಳ್ಳಿ. ಅದಕ್ಕೂ ಪಿನ್ ಹಾಕಿ, ವಿದೇಶಿ ಬಳಕೆ ಮತ್ತು ತಾಗಿಸುವ ಸ್ವಿಚ್ಚು ಆನ್ ಮಾಡಿ. ಅಂದ ಹಾಗೆ ಜರ್ಮನಿಗೆ ಕೊಡುವ ಷೆಂಗೆನ್ ವೀಸಾದಲ್ಲಿ ಪ್ಯಾರಿಸ್ ನೋಡಬಹುದು, ಲಂಡನ್ ನೋಡಲು ಆಗಲ್ಲ. ಬ್ರಿಟನ್ನಿಗೆ ಬೇರೆ ವೀಸಾ. ಇದು ನನ್ನ ವಿಷಯ ಅಲ್ಲ, ಆದರೂ ಹೇಳಿದೆ.

ಹಣ ಸೋರುವ ಜಾಗ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಕಾರ್ಡ್ ಹಾಕಿದ ಕೂಡಲೇ ಕೆಲವು ಮಿಷನ್‌ಗಳು ಇದು ಭಾರತದ ಕಾರ್ಡ್ ಅಂತ ಗುರುತಿಸಿ, ಪರದೆ ಮೇಲೆ ಎರಡು ಮೊತ್ತ ತೋರಿಸುತ್ತವೆ. ಒಂದು ಯೂರೊದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ನೋಡಿದ ಕೂಡಲೇ ನಮಗೆ ಮನೆಯವರನ್ನು ಕಂಡಷ್ಟು ಖುಷಿ. ಅದನ್ನೇ ಒತ್ತಿಬಿಡುತ್ತೇವೆ. ಅಲ್ಲೇ ಮೋಸ ಹೋಗುವುದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಯೂರೊಗೆ ₹100 ಅಂತಿಟ್ಟುಕೊಳ್ಳಿ. ಬಿಲ್ಲು 100 ಯೂರೊ. ನೀವು ಯೂರೊ ಆರಿಸಿದರೆ ₹10,000, ಅದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಹೆಚ್ಚಿನ ಕಾರ್ಡ್‌ಗಳಲ್ಲಿ ಅದು ಶೇಕಡ 2ರಿಂದ 3.5. ಜಾಸ್ತಿಯನ್ನೇ ಹಿಡಿದರೂ ₹350, ಆ ಶುಲ್ಕದ ಮೇಲೆ ಶೇಕಡ 18 ಜಿಎಸ್‌ಟಿ ಅಂದರೆ ₹63. ಒಟ್ಟು ₹10,413. ರೂಪಾಯಿ ಆರಿಸಿದರೆ ದರ ಹಾಕುವುದು ಆ ಅಂಗಡಿಯ ಮಿಷನ್ ಕಂಪನಿ. ಅವರು ಶೇಕಡ 6 ಏರಿಸಿದರು ಅಂದುಕೊಳ್ಳಿ, ₹10,600 ಆಯಿತು. ವಿದೇಶದಲ್ಲಿ ರೂಪಾಯಿಯಲ್ಲಿ ಬಿಲ್ ಮಾಡಿದ್ದಕ್ಕೆ ನಮ್ಮ ಕೆಲವು ಬ್ಯಾಂಕುಗಳು ಅದರ ಮೇಲೂ ಸುಮಾರು ಶೇಕಡ 1 ಶುಲ್ಕ, ಮತ್ತೆ ಜಿಎಸ್‌ಟಿ ಹಾಕುತ್ತವೆ. ₹10,700 ದಾಟಿತು. ಒಂದು ಗುಂಡಿ ಒತ್ತಿದ್ದಕ್ಕೆ ₹300 ಹೋಯಿತು. ಕೆಲವು ಕಡೆ ಕೌಂಟರಿನವರೇ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿಬಿಡುತ್ತಾರೆ. ಪಿನ್ ಒತ್ತುವ ಮುಂಚೆ ಪರದೆ ನೋಡಿ. ರೂಪಾಯಿ ಕಂಡರೆ ಕೆಂಪು ಗುಂಡಿ ಒತ್ತಿ, ಯೂರೊದಲ್ಲಿ ಮಾಡಿ ಅಂತ ಹೇಳಿ. ಪೌಂಡ್ ಇದ್ದಲ್ಲಿ ಪೌಂಡ್. ಎಟಿಎಂಗಳಲ್ಲೂ ಇದೇ ಆಟ ನಡೆಯುತ್ತದೆ. ಅಲ್ಲಿ "ಪರಿವರ್ತನೆ ಬೇಡ" ಅನ್ನುವ ಅರ್ಥದ ಗುಂಡಿ ಒತ್ತಬೇಕು.

ಎಟಿಎಂ ಅಂದ ಮೇಲೆ ಇದನ್ನೂ ಹೇಳಬೇಕು. ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಬೇಡಿ, ಇಲ್ಲೂ ಬೇಡ, ಅಲ್ಲೂ ಬೇಡ. ತೆಗೆದ ಕೂಡಲೇ ಶುಲ್ಕ, ಆ ದಿನದಿಂದಲೇ ಬಡ್ಡಿ. ಅಂಗಡಿಯ ಬಿಲ್ಲಿಗೆ ಇರುವ ಬಡ್ಡಿರಹಿತ ದಿನಗಳು ನಗದಿಗೆ ಇಲ್ಲ. ನಗದಿಗೆ ಬ್ಯಾಂಕಿನಿಂದ ಒಂದು ಫಾರೆಕ್ಸ್ ಕಾರ್ಡ್ ಮಾಡಿಸಿ ಯೂರೊ ತುಂಬಿಸಿಕೊಳ್ಳಿ. ಅದಕ್ಕೂ ಚಿಪ್ ಇದೆ, ಪಿನ್ ಇದೆ. ದರ ತುಂಬಿಸಿದ ದಿನದ್ದೇ ಖಾಯಂ. ಸ್ವಲ್ಪ ಯೂರೊ ನೋಟುಗಳನ್ನೂ ಇಲ್ಲಿಂದಲೇ ಒಯ್ಯಬಹುದು. ಅಡಿಕೆ ದುಡ್ಡು ಕೈಯಲ್ಲಿದೆ ಅಂತ ಎಲ್ಲ ನಗದು ಕೊಟ್ಟು ಕೊಳ್ಳಲು ಆಗಲ್ಲ. ₹50,000 ತಲುಪಿದರೆ ಖಾತೆಯಿಂದಲೇ ಕೊಡಬೇಕು. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು ವರ್ಷಕ್ಕೆ ಇಷ್ಟು ಅಂತ ಲೆಕ್ಕಕ್ಕೆ ಬರುತ್ತದೆ, ₹10 ಲಕ್ಷ ದಾಟಿದರೆ ಟಿಸಿಎಸ್ ಅನ್ನುವ ತೆರಿಗೆ ಹಿಡಿಯುತ್ತಾರೆ. ಪ್ರವಾಸದಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚು ಸದ್ಯಕ್ಕೆ ಆ ಲೆಕ್ಕದಲ್ಲಿಲ್ಲ.

ನಿಮ್ಮ ಕಾರ್ಡ್ ರುಪೇ ಆಗಿದ್ದರೆ ಇಲ್ಲಿ ಯುಪಿಐಗೆ ಜೋಡಿಸಿಕೊಳ್ಳಲು ಚೆನ್ನ. ಭೂತಾನ್, ಸಿಂಗಪುರದಲ್ಲೂ ಅದನ್ನು ಒಪ್ಪುತ್ತಾರೆ. ಯೂರೋಪಿನಲ್ಲಿ ಮಾತ್ರ ಎಲ್ಲ ಕಡೆ ನಡೆಯುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡ್. ಅದರಲ್ಲೊಂದು ಜೊತೆಗಿರಲಿ. ಎಲ್ಲ ಕಾರ್ಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಒಂದು ನಿಮ್ಮ ಬ್ಯಾಗಿನಲ್ಲಿ, ಇನ್ನೊಂದು ಅವರ ಜೇಬಿನಲ್ಲಿ. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಕವರಿನಲ್ಲೇ ಸಿಕ್ಕಿಸಿಡುವ ಪದ್ಧತಿ ಇದ್ದರೆ ಇವತ್ತೇ ಹರಿದು ಹಾಕಿ.

ಕಾರ್ಡ್ ಕಳೆದರೆ ಮೊದಲು ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಆಮೇಲೆ ಹುಡುಕಿ. ಫೋನೂ ಹೋಗಿದ್ದರೆ ಮಗನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಬೇಕು. 1800ರಿಂದ ಶುರುವಾಗುವ ಉಚಿತ ನಂಬರುಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. +91 ಇರುವ ನಂಬರನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಎರಡು ತಿಂಗಳು ಇರುವುದರಿಂದ ನಡುವೆ ಬಿಲ್ಲು ಕಟ್ಟುವ ದಿನವೂ ಬರುತ್ತದೆ. ಖಾತೆಯಿಂದ ತಾನಾಗಿ ಪೂರ್ತಿ ಮೊತ್ತ ಹೋಗುವಂತೆ ಹೇಳಿ ಹೋಗಿ. ಕನಿಷ್ಠ ಮೊತ್ತ ಅಂತ ಹಾಕಿದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ.

ವಾಪಸ್ ಬಂದ ಕೂಡಲೇ ವಿದೇಶಿ ಸ್ವಿಚ್ ಆಫ್ ಮಾಡಿ. ಮುಂದಿನ ಎರಡು ತಿಂಗಳ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ನೋಡಿ. ಲಾಡ್ಜು, ರೈಲಿನ ಬಿಲ್ಲುಗಳು ತಡವಾಗಿ ಬರುವುದುಂಟು. ಮೊತ್ತವೂ ನೀವು ತಾಗಿಸಿದ ದಿನದ ದರದಲ್ಲಿರುವುದಿಲ್ಲ, ಅದು ಬ್ಯಾಂಕಿಗೆ ತಲುಪಿದ ದಿನದ ದರ. ಹತ್ತಿಪ್ಪತ್ತು ರೂಪಾಯಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಕಾಲಿಡದ ಊರಿನ ಬಿಲ್ಲು ಕಂಡರೆ ಆ ದಿನವೇ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ, ದೂರಿನ ನಂಬರ್ ಪಡೆಯಿರಿ. ದುಡ್ಡು ಮೋಸದಿಂದ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಬ್ಯಾಂಕ್ 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ.